ಹುಟ್ಟಿದ ಕರುವಿನ ಲೆಕ್ಕ ಯಾರ ಬಳಿ ಇದೆ?

ಆಷಾಢ ಕಳೆದು ಶ್ರಾವಣ ಕಾಲಿಡುವ ಹೊತ್ತಿಗೆ ನಮ್ಮ ಭಾಗದ ಕೊಟ್ಟಿಗೆಗಳಲ್ಲಿ ಕರು ಹಾಕುವ ಕಾಲ ಆರಂಭವಾಗುತ್ತದೆ. ಕೃತಕ ಗರ್ಭಧಾರಣೆಯ ಮಿಶ್ರತಳಿ ಹಸುಗಳಿಗೆ ಇಂಥ ಕಾಲದ ಕಟ್ಟಳೆಯಿಲ್ಲ. ಅವು ವರ್ಷದ ಯಾವ ತಿಂಗಳಲ್ಲಾದರೂ ಈಯುತ್ತವೆ. ಆದರೆ ಬೆಟ್ಟ, ಬ್ಯಾಣಗಳನ್ನೇ ನಂಬಿ ಬದುಕುವ ಮಲೆನಾಡು ಗಿಡ್ಡದ ಲೆಕ್ಕಾಚಾರ ಬೇರೆ. ಮಳೆಗಾಲದ ಹುಲ್ಲು ಮೇಯ್ದು ನವರಾತ್ರಿ, ದೀಪಾವಳಿಯ ವೇಳೆಗೆ ಮೈ ತುಂಬಿಕೊಂಡ ಹಸು ಬೆದೆಗೆ ಬರುತ್ತದೆ. ಅಲ್ಲಿಂದ ಒಂಬತ್ತೂವರೆ ತಿಂಗಳು ಎಣಿಸಿದರೆ ಮತ್ತೆ ಹಸಿರು ಹುಲ್ಲಿನ ಕಾಲ. ತಾಯಿಗೆ ಮೇವು ಹೇರಳವಾಗಿರುವಾಗಲೇ ಕರು ಭೂಮಿಗೆ ಬರಬೇಕೆಂಬ ಈ ಏರ್ಪಾಡನ್ನು ಯಾವ ಸಂಶೋಧನಾ ಕೇಂದ್ರವೂ ರೂಪಿಸಲಿಲ್ಲ. ಮಳೆ, ಹುಲ್ಲು ಮತ್ತು ಹಸು ಸೇರಿ ಶತಮಾನಗಳಲ್ಲಿ ಮಾಡಿಕೊಂಡ ಒಪ್ಪಂದವಿದು.

ಆದರೆ ಈ ಒಪ್ಪಂದದ ಇನ್ನೊಂದು ಮುಖವೂ ಇದೆ. ಶ್ರಾವಣ ಮಲೆನಾಡಿನಲ್ಲಿ ಅತ್ಯಂತ ಕಠಿಣ ಕಾಲ. ಹಳ್ಳ ತುಂಬಿ ದಾರಿ ಕಟ್ಟುತ್ತದೆ, ಮರ ಬಿದ್ದು ವಿದ್ಯುತ್ ಹೋಗುತ್ತದೆ, ಕೊಟ್ಟಿಗೆಯ ನೆಲ ಆರುವುದೇ ಇಲ್ಲ. ಒದ್ದೆ ನೆಲದಲ್ಲಿ ಹುಟ್ಟಿದ ಕರು ಥಂಡಿಗೆ, ಭೇದಿಗೆ, ಶ್ವಾಸಕೋಶದ ಸೋಂಕಿಗೆ ಬಹುಬೇಗ ತುತ್ತಾಗುತ್ತದೆ. ಹೀಗೆ ಮಲೆನಾಡಿನ ಮನೆಗಳಲ್ಲಿ ಗಿಣ್ಣಿನ ಸಂಭ್ರಮ ಮತ್ತು ಸತ್ತ ಕರುವನ್ನು ತೋಟದ ಅಂಚಿನಲ್ಲಿ ಹೂಳುವ ಸಂಕಟ ಒಂದೇ ತಿಂಗಳಿನಲ್ಲಿ ಬರುತ್ತವೆ.

ನಾನು ಕೃಷಿ ವಿಜ್ಞಾನದ ವಿದ್ಯಾರ್ಥಿ. ಸಂಶೋಧನಾ ಪದವಿ ಮುಗಿಸಿ ಊರಿಗೆ ಮರಳಿದ ಹೊಸತರಲ್ಲಿ ನೆರೆಮನೆಯ ಅಜ್ಜಿಯೊಬ್ಬರಿಗೆ ಒಂದು ಸಲಹೆ ಕೊಟ್ಟೆ. ಅವರ ಗಿಡ್ಡದ ಹಸು ಕೌಲಿ ದಿನಕ್ಕೆ ಎರಡು ಲೀಟರ್ ಹಾಲನ್ನೂ ಕೊಡುತ್ತಿರಲಿಲ್ಲ. ‘ಒಮ್ಮೆ ಜೆರ್ಸಿಯ ಇಂಜಕ್ಷನ್ ಕೊಡಿಸಿ, ಹುಟ್ಟುವ ಹೆಣ್ಣುಕರು ನಿಮ್ಮ ಕಷ್ಟ ಕಳೆಯುತ್ತದೆ’ ಎಂದೆ. ಗುಡ್ಡಗಾಡಿಗೆ ಹೋಲ್‌ಸ್ಟೀನ್‌ಗಿಂತ ಜೆರ್ಸಿ ಹೊಂದುತ್ತದೆ ಎಂದು ಪುಸ್ತಕದಲ್ಲಿ ಓದಿದ್ದೆ. ಅದು ಸುಳ್ಳೇನೂ ಅಲ್ಲ. ಆದರೆ ಆ ಮಾತು ಯಾವ ಗಾತ್ರದ ತಾಯಿಗೆ ಅನ್ವಯಿಸುತ್ತದೆ ಎಂದು ನಾನು ಕೇಳಿಕೊಂಡಿರಲಿಲ್ಲ.

ಕೌಲಿಗೆ ನೋವು ಕಾಣಿಸಿಕೊಂಡದ್ದು ಸಂಜೆ. ನೀರಿನ ಚೀಲ ಒಡೆದು ಮೂರು ತಾಸಾದರೂ ಎರಡು ಗೊರಸುಗಳಷ್ಟೇ ಹೊರಗೆ ಕಾಣುತ್ತಿದ್ದವು. ಹಳ್ಳ ದಾಟಿ ವೈದ್ಯರು ಬರುವಂತಿರಲಿಲ್ಲ. ಲಾಟೀನಿನ ಬೆಳಕಿನಲ್ಲಿ ನಾಲ್ಕು ಜನ ಹಗ್ಗ ಕಟ್ಟಿ ಎಳೆದೆವು. ಮಧ್ಯರಾತ್ರಿ ಕಳೆದ ಮೇಲೆ ಹೊರಬಂದ ಕರುವಿನಲ್ಲಿ ಜೀವವಿರಲಿಲ್ಲ. ಹಿಂಗಾಲುಗಳ ನರಕ್ಕೆ ಪೆಟ್ಟಾಗಿ ಕೌಲಿ ಮತ್ತೆ ಏಳಲಿಲ್ಲ. ಮೂರನೆಯ ದಿನ ಅದೂ ಹೋಯಿತು. ಅಜ್ಜಿ ನನ್ನನ್ನು ಬೈಯಲಿಲ್ಲ. ‘ನೀನು ಓದ್ದೋನು, ನಿಂಗೆ ಗೊತ್ತಿರತ್ತೆ ಅಂದ್ಕಂಡಿದ್ದೆ ಕಣಪ್ಪ’ ಎಂದಷ್ಟೇ ಹೇಳಿದರು. ಈ ಲೇಖನ ಆ ಮಾತಿಗೆ ನಾನು ತಡವಾಗಿ ಕೊಡುತ್ತಿರುವ ಉತ್ತರ.

ಕಾರಣ ಸರಳವಾದದ್ದು. ಪೂರ್ಣ ಬೆಳೆದ ಗಿಡ್ಡದ ಹಸುವಿನ ತೂಕ ಒಂದು ಕ್ವಿಂಟಾಲಿನ ಆಸುಪಾಸು. ಅದರ ಸ್ವಂತ ಕರು ಹುಟ್ಟುವಾಗ ಹತ್ತು ಕಿಲೋಗ್ರಾಂನ ಆಚೀಚೆ ಇರುತ್ತದೆ. ಪಾಶ್ಚಾತ್ಯ ಹೈನುತಳಿಗಳಲ್ಲಿ ಚಿಕ್ಕದೆನಿಸಿದ ಜೆರ್ಸಿಯ ಕರುವೇ ಸುಮಾರು 25 ಕಿಲೋ. ಮಿಶ್ರ ಕರು ಇವೆರಡರ ನಡುವೆ ಎಲ್ಲಿಯೋ ನಿಲ್ಲುತ್ತದೆ. ತಾಯಿಯ ಸೊಂಟದ ಎಲುಬಿನ ಬಾಗಿಲು ಮಾತ್ರ ತನ್ನ ಅಳತೆಯಲ್ಲೇ ಇರುತ್ತದೆ. ತಳಿ ಸುಧಾರಣೆಯ ನಮ್ಮ ಪಾಠಗಳಲ್ಲಿ ಹಾಲಿನ ಇಳುವರಿಗೆ ಅಧ್ಯಾಯಗಳಿದ್ದವು. ಈ ಬಾಗಿಲಿಗೆ ಒಂದು ಪುಟವಿದ್ದಿರಬಹುದು, ನಾವು ಅದನ್ನು ಓದಿ ಮರೆತಿದ್ದೆವು.

ಮೊದಲ ದಿನದ ಪಾಠ

ಕರು ಸಾಯುವುದಕ್ಕೆ ಹೆರಿಗೆಯ ತೊಡಕೊಂದೇ ಕಾರಣವಲ್ಲ. ಸುಸೂತ್ರವಾಗಿ ಹುಟ್ಟಿದ ಕರುಗಳನ್ನೂ ಮೊದಲ ತಿಂಗಳಿನಲ್ಲಿ ನಾವು ಕಳೆದುಕೊಳ್ಳುತ್ತೇವೆ. ಇದರಲ್ಲಿ ಮಳೆಯ ಪಾಲಿದೆ, ನಮ್ಮ ತಪ್ಪುಗ್ರಹಿಕೆಯ ಪಾಲೂ ಇದೆ.

ಮನುಷ್ಯರ ಶಿಶು ತಾಯಿಯ ಹೊಟ್ಟೆಯಲ್ಲಿರುವಾಗಲೇ ಒಂದಿಷ್ಟು ರೋಗನಿರೋಧಕ ಶಕ್ತಿಯನ್ನು ಪಡೆದು ಬರುತ್ತದೆ. ಕರುವಿಗೆ ಈ ಸೌಲಭ್ಯವಿಲ್ಲ. ಹಸುವಿನ ಮಾಸು ಪ್ರತಿಕಾಯಗಳನ್ನು ದಾಟಿಸುವುದಿಲ್ಲ. ಕರು ಹುಟ್ಟುವುದು ಬರಿಗೈಯಲ್ಲಿ. ಅದರ ಪಾಲಿನ ರಕ್ಷಣೆಯೆಲ್ಲ ಗಿಣ್ಣುಹಾಲಿನಲ್ಲಿದೆ. ಆ ಪ್ರತಿಕಾಯಗಳನ್ನು ಕರುಳು ಇಡಿಯಾಗಿ ಹೀರಿಕೊಳ್ಳುವುದು ಮೊದಲ ಕೆಲವು ಗಂಟೆಗಳಲ್ಲಿ ಮಾತ್ರ. ಆರು ಗಂಟೆ ಕಳೆದರೆ ಆ ಶಕ್ತಿ ಇಳಿಯತೊಡಗುತ್ತದೆ, ಒಂದು ದಿನವಾಗುವಾಗ ಬಾಗಿಲು ಮುಚ್ಚಿಹೋಗುತ್ತದೆ. ಮೊದಲ ದಿನ ಕರುವಿನ ತೂಕದ ಹತ್ತನೆಯ ಒಂದು ಭಾಗದಷ್ಟು ಗಿಣ್ಣುಹಾಲು ಅದರ ಹೊಟ್ಟೆ ಸೇರಬೇಕು. ಹತ್ತು ಕಿಲೋದ ಗಿಡ್ಡಕರುವಿಗೆ ಒಂದು ಲೀಟರ್ ಸಾಕು.

ಆದರೆ ಮಾಸು ಬೀಳುವವರೆಗೆ ಕರುವಿಗೆ ಮೊಲೆ ಬಿಡಬಾರದೆಂಬ ನಂಬಿಕೆ ಅನೇಕ ಮನೆಗಳಲ್ಲಿ ಇನ್ನೂ ಇದೆ. ವಾಸ್ತವ ಇದಕ್ಕೆ ತದ್ವಿರುದ್ಧ. ಕರು ಮೊಲೆ ಚೀಪಿದಾಗ ತಾಯಿಯ ದೇಹದಲ್ಲಿ ಸ್ರವಿಸುವ ಚೋದಕವೇ ಗರ್ಭಕೋಶವನ್ನು ಸಂಕುಚಿಸಿ ಮಾಸು ಹೊರಬೀಳಲು ನೆರವಾಗುತ್ತದೆ. ಮಾಸಿಗೆ ಕಾಯುತ್ತ ಅರ್ಧ ದಿನ ಕಳೆದರೆ ತಾಯಿಗೂ ನಷ್ಟ, ಕರುವಿಗೂ ನಷ್ಟ. ಮನೆಮಂದಿಯ ಗಿಣ್ಣಿನ ಆಸೆಯೂ ಕರುವಿನ ಪಾಲನ್ನು ಕಸಿಯುತ್ತದೆ. ಗಿಣ್ಣು ತಿನ್ನಬೇಡಿ ಎಂದು ಹೇಳುವಷ್ಟು ಒಣ ವಿಜ್ಞಾನಿ ನಾನಲ್ಲ. ಕರು ಕುಡಿದು ತೃಪ್ತಿಯಾದ ಮೇಲೆ ಉಳಿದದ್ದು ನಮ್ಮದು ಎಂದರೆ ಸಾಕು.

ಹೊಕ್ಕುಳಿಗೆ ಟಿಂಚರ್ ಅಯೋಡಿನ್, ಮಲಗಲು ಒಣ ದರಕು, ಹತ್ತು–ಹದಿನೈದು ದಿನದೊಳಗೆ ಜಂತುಹುಳುವಿನ ಔಷಧ: ಇವಿಷ್ಟಕ್ಕೆ ತಗಲುವ ವೆಚ್ಚ ಒಂದು ದಿನದ ಕೂಲಿಗಿಂತ ಕಡಿಮೆ. ತಾಯಿಯ ಹಾಲಿನ ಮೂಲಕವೇ ಕರುವಿಗೆ ದಾಟುವ ದುಂಡುಹುಳುವಿದೆ ಎಂಬುದು ನಮ್ಮಲ್ಲಿ ಎಷ್ಟೋ ಜನರಿಗೆ ತಿಳಿದಿಲ್ಲ. ಮಣ್ಣಿನ ಬಣ್ಣದ ಭೇದಿ ಮಾಡಿ ಸೊರಗಿ ಸತ್ತ ಕರುವಿಗೆ ದೃಷ್ಟಿಯಾಯಿತೆಂದು ಹೇಳಿ ಸುಮ್ಮನಾಗುತ್ತೇವೆ.

ಲೀಟರಿನಲ್ಲಿ ಅಳೆದದ್ದು

ಇದೆಲ್ಲ ಮನೆಯೊಳಗಿನ ಮಾತಾಯಿತು. ಮನೆಯ ಹೊರಗಿನ ಮಾತು ಇನ್ನೂ ಗಂಭೀರವಾದದ್ದು.

ನಮ್ಮ ಹೈನುಗಾರಿಕೆಯ ನೀತಿ ಅಳೆಯುವುದು ಒಂದನ್ನೇ: ಲೀಟರ್. ಸಹಕಾರ ಸಂಘಕ್ಕೆ ಹಾಲು ಹಾಕುವವರಿಗೆ ರಾಜ್ಯ ಸರ್ಕಾರ ಲೀಟರಿಗೆ 5 ರೂಪಾಯಿ ಪ್ರೋತ್ಸಾಹಧನ ಕೊಡುತ್ತದೆ. ಕೊಡಲಿ, ಸಂತೋಷ. ಆದರೆ ಹತ್ತು ಲೀಟರ್ ಹಾಕುವವನಿಗೆ ಐವತ್ತು ರೂಪಾಯಿ ಸಿಗುವಲ್ಲಿ, ಎರಡು ಲೀಟರ್ ಕರೆದು ಒಂದನ್ನು ಕರುವಿಗೂ ಇನ್ನೊಂದನ್ನು ಮೊಮ್ಮಗುವಿಗೂ ಕೊಡುವ ಅಜ್ಜಿಗೆ ಸಿಗುವುದೇನು? ಆಕೆ ಸಾಕಿದ ಹಸು ಹಿಂಡಿ ಬೇಡಲಿಲ್ಲ, ಸೊಪ್ಪು, ದರಕು ತುಳಿದು ಗೊಬ್ಬರ ಕೊಟ್ಟಿತು, ತಳಿಯೊಂದನ್ನು ಉಳಿಸಿತು. ಇವು ಯಾವುವೂ ಲೀಟರಿನ ಲೆಕ್ಕಕ್ಕೆ ಬರುವುದಿಲ್ಲ. ಕರ್ನಾಲಿನ ರಾಷ್ಟ್ರೀಯ ಪಶು ತಳಿ ಸಂಪನ್ಮೂಲ ಸಂಸ್ಥೆ ಮಲೆನಾಡು ಗಿಡ್ಡವನ್ನು ಸ್ವತಂತ್ರ ತಳಿಯೆಂದು ನೋಂದಾಯಿಸಿದೆ. ನೋಂದಣಿಯ ಕಾಗದ ಬೀಜದ ಹೋರಿಯನ್ನು ಸಾಕುವುದಿಲ್ಲ.

2019ರ ಜಾನುವಾರು ಗಣತಿ ಇದರ ಫಲವನ್ನು ದೇಶದ ಮಟ್ಟದಲ್ಲಿ ತೋರಿಸಿತು. 2012ಕ್ಕೆ ಹೋಲಿಸಿದರೆ ವಿದೇಶಿ ಹಾಗೂ ಮಿಶ್ರತಳಿ ದನಗಳು ಶೇ. 26.9ರಷ್ಟು ಹೆಚ್ಚಿದ್ದವು, ದೇಶಿ ದನಗಳು ಶೇ. 6ರಷ್ಟು ಇಳಿದಿದ್ದವು. ಗಣತಿ ನಿಂತಿರುವ ದನಗಳನ್ನು ಎಣಿಸುತ್ತದೆ. ಹುಟ್ಟಿ, ಗಣತಿದಾರ ಬರುವುದರೊಳಗೆ ಹೋದ ಕರು ಯಾವ ಕಾಲಂನಲ್ಲಿಯೂ ಇಲ್ಲ.

ಗಂಡುಕರುವಿನ ಪ್ರಶ್ನೆ

ಈಗ ಎಲ್ಲರೂ ಬಲ್ಲ, ಯಾರೂ ಬರೆಯದ ವಿಷಯಕ್ಕೆ ಬರುತ್ತೇನೆ.

ಮಿಶ್ರತಳಿ ಹಸು ಗಂಡುಕರು ಹಾಕಿದ ದಿನ ಆ ಮನೆಯಲ್ಲಿ ಗಿಣ್ಣಿನ ಪರಿಮಳವಿರುತ್ತದೆ, ಸಂತಸವಿರುವುದಿಲ್ಲ. ದಿನಕ್ಕೆ ಎರಡು ಲೀಟರಿನಂತೆ ಮೂರು ತಿಂಗಳು ಕುಡಿಸಿದರೆ 180 ಲೀಟರ್ ಹಾಲಾಯಿತು. ಲೀಟರಿಗೆ 35 ರೂಪಾಯಿ ಎಂದಿಟ್ಟುಕೊಂಡರೂ 6,300 ರೂಪಾಯಿ. ಗದ್ದೆಗೆ ಟಿಲ್ಲರ್ ಬಂದ ಮೇಲೆ ಎತ್ತಿನ ಅಗತ್ಯವಿಲ್ಲ. ಆದ್ದರಿಂದ ಕರುವಿನ ಪಾಲು ದಿನದಿಂದ ದಿನಕ್ಕೆ ಇಳಿಯುತ್ತದೆ. ಯಾರೂ ಅದನ್ನು ಕೊಲ್ಲುವುದಿಲ್ಲ. ಹಗ್ಗ ಬಿಚ್ಚಿ ಕಾಡಿನಂಚಿಗೋ ಪೇಟೆಯ ರಸ್ತೆಗೋ ಬಿಡುತ್ತಾರೆ. ಇಲ್ಲವೇ ಕೊಟ್ಟಿಗೆಯ ಮೂಲೆಯಲ್ಲಿ ಕಟ್ಟಿ, ಸೊರಗುವುದನ್ನು ನೋಡದಿರಲು ಮುಖ ತಿರುಗಿಸುತ್ತಾರೆ.

ಕರುವಿನ ಹತ್ಯೆ 1964ರ ಕಾಯಿದೆಯಲ್ಲೇ ನಿಷಿದ್ಧವಾಗಿತ್ತು. 2021ರಲ್ಲಿ ಜಾರಿಗೆ ಬಂದ ಹೊಸ ಕಾಯಿದೆ ಈ ನಿಷೇಧವನ್ನು ಎಲ್ಲ ವಯಸ್ಸಿನ ಹೋರಿ, ಎತ್ತುಗಳಿಗೂ ವಿಸ್ತರಿಸಿತು. ಈ ಕಾಯಿದೆಯ ಪರ–ವಿರೋಧದ ಗದ್ದಲಕ್ಕೆ ಈ ಪುಟವನ್ನು ಬಿಟ್ಟುಕೊಡಲು ನನಗೆ ಮನಸ್ಸಿಲ್ಲ. ಕೇಳಬೇಕಾದ ಪ್ರಶ್ನೆ ಇಷ್ಟೇ: ಕೊಲ್ಲಬಾರದೆಂದು ಹೇಳಿದ ಸಮಾಜ ಸಾಕುವ ಹೊಣೆಯನ್ನು ಯಾರ ತಲೆಯ ಮೇಲೆ ಇಟ್ಟಿತು? ಎರಡು ಹಸು ಕಟ್ಟಿಕೊಂಡ ಸಣ್ಣ ಹಿಡುವಳಿದಾರನ ಮೇಲೆ. ಹಸಿವಿನಿಂದ ಸತ್ತ ಕರು ಯಾವ ಕಾಯಿದೆಯ ಉಲ್ಲಂಘನೆಯಾಗಿಯೂ ದಾಖಲಾಗುವುದಿಲ್ಲ. ಗೋವಿನ ಹೆಸರಿನಲ್ಲಿ ವೇದಿಕೆ ಏರುವವರೂ, ಅವರನ್ನು ಟೀಕಿಸುವವರೂ ಈ ಕರುವಿನ ಬಳಿ ಬಂದು ನಿಂತದ್ದನ್ನು ನಾನು ಕಂಡಿಲ್ಲ.

ಶೇ. 90ರಷ್ಟು ಹೆಣ್ಣುಕರುವನ್ನೇ ಕೊಡುವ ಲಿಂಗ ವಿಂಗಡಿತ ವೀರ್ಯ ಈಗ ಸಹಾಯಧನದಲ್ಲಿ ಸಿಗುತ್ತದೆ. ಮಿಶ್ರತಳಿ ಸಾಕುವವರಿಗೆ ಅದು ಉಪಯುಕ್ತವೇ. ಆದರೆ ಗಂಡು ಹುಟ್ಟದಂತೆ ಮಾಡುವುದೊಂದೇ ಗಂಡುಕರುವಿನ ಸಮಸ್ಯೆಗೆ ಪರಿಹಾರವೆಂದು ವಿಜ್ಞಾನ ಹೇಳಿದರೆ, ಆ ವಿಜ್ಞಾನ ಕೊಟ್ಟಿಗೆಯನ್ನು ಹಾಲಿನ ಕಾರ್ಖಾನೆಯೆಂದು ಒಪ್ಪಿಕೊಂಡಂತೆ. ಮಲೆನಾಡಿನಲ್ಲಿ ದನ ಮೊದಲು ಗೊಬ್ಬರಕ್ಕೆ, ಆಮೇಲೆ ಹಾಲಿಗೆ. ಸಗಣಿ ಕೊಡುವುದರಲ್ಲಿ ಹೋರಿಗೂ ಹಸುವಿಗೂ ಭೇದವಿಲ್ಲ. ಗಿಡ್ಡದ ಹೋರಿಗರು ನಮ್ಮ ಹಿರಿಯರಿಗೆ ಹೊರೆಯಾಗಿರಲಿಲ್ಲ. ಅದು ಮೇಯಲು ನೆಲವಿತ್ತು.

ಬ್ಯಾಣ ಹೋಯಿತು, ಹುಲ್ಲೂ ಹೋಯಿತು

ಆ ನೆಲ ಎಲ್ಲಿ ಹೋಯಿತು? ಇದು ನಮ್ಮ ಚಳವಳಿಗೆ ನೇರವಾಗಿ ಸಂಬಂಧಿಸಿದ ಪ್ರಶ್ನೆ.

ಕರ್ನಾಟಕ ಭೂಕಂದಾಯ ನಿಯಮಗಳ ಪ್ರಕಾರ ಪ್ರತಿ 100 ಜಾನುವಾರಿಗೆ 12 ಹೆಕ್ಟೇರ್ ಗೋಮಾಳ ಇರಬೇಕು. ನಿಮ್ಮೂರಿನ ಪಹಣಿ ತೆಗೆದು ನೋಡಿ, ಆಮೇಲೆ ಗುಡ್ಡಕ್ಕೆ ಹೋಗಿ ನೋಡಿ. ಭದ್ರಾವತಿಯ ಕಾಗದ ಕಾರ್ಖಾನೆಗೆಂದು 1980ರಲ್ಲಿ ಕೊಟ್ಟ ಗುತ್ತಿಗೆಯ ನೆಲದಲ್ಲಿ ಅಕೇಶಿಯಾ, ನೀಲಗಿರಿ ಎದ್ದವು. ಬೋಳುಗುಡ್ಡವೆಂದು ಕಾಗದದಲ್ಲಿ ಬರೆದಲ್ಲೆಲ್ಲ ನಮ್ಮ ಕಣ್ಣಿಗೆ ಹುಲ್ಲಿನ ಬ್ಯಾಣವಿತ್ತು. ಕಾರ್ಖಾನೆ 2015ರ ಸುಮಾರಿಗೆ ನಿಂತಿತು, ಗುತ್ತಿಗೆ 2020ರಲ್ಲಿ ಮುಗಿಯಿತು. ಅದನ್ನು ಮತ್ತೆ ಮುಂದುವರಿಸುವ ನಿರ್ಧಾರದ ವಿರುದ್ಧ ‘ನಮ್ಮೂರಿಗೆ ಅಕೇಶಿಯಾ ಮರ ಬೇಡ’ ಎಂದು ಮಲೆನಾಡು ದನಿಯೆತ್ತಿತು. ಅಕೇಶಿಯಾದ ಬುಡದಲ್ಲಿ ದಪ್ಪನಾಗಿ ಹಾಸುವ ಎಲೆಯ ಅಡಿಯಲ್ಲಿ ಹುಲ್ಲು ಏಳುವುದಿಲ್ಲ. ಮಿಕ್ಕ ಜಾಗವನ್ನು ಯುಪಟೋರಿಯಂ ಮತ್ತು ಲಂಟಾನ ಹಂಚಿಕೊಂಡಿವೆ.

ಬಯಲುಸೀಮೆಯ ಕಥೆಯೂ ಬೇರೆಯಲ್ಲ. ಮೈಸೂರು ಅರಸರ ಕಾಲದಿಂದ ದನಗಳಿಗೆಂದೇ ಕಾದಿಟ್ಟ ಅಮೃತಮಹಲ್ ಕಾವಲುಗಳು ನಮ್ಮ ರಾಜ್ಯದಲ್ಲಿ ದೊಡ್ಡ ಪ್ರಮಾಣದ ದನದ ಹುಲ್ಲುಗಾವಲಿಗೆ ಇದ್ದ ಮಾದರಿ. ಚಳ್ಳಕೆರೆಯ ಬಳಿಯ ಸಾವಿರಾರು ಎಕರೆ ಕಾವಲು ರಕ್ಷಣೆ ಮತ್ತು ವಿಜ್ಞಾನದ ಸಂಸ್ಥೆಗಳ ಪಾಲಾಯಿತು. ಅಲ್ಲಿ ಕಾವಲು, ಇಲ್ಲಿ ಬ್ಯಾಣ. ಎರಡು ಕಡೆಯಲ್ಲೂ ಹುಲ್ಲುಗಾವಲನ್ನು ‘ಪಾಳು’ ಎಂಬ ಒಂದೇ ಪದದಿಂದ ಅಳಿಸಲಾಯಿತು.

ಸರ್ಕಾರವನ್ನು ಬೈದು ಮುಗಿಸುವಂತೆಯೂ ಇಲ್ಲ. ಗದ್ದೆಗಳಿಗೆ ಮಣ್ಣು ತುಂಬಿ ಅಡಿಕೆ ಸಸಿ ನೆಟ್ಟವರು ನಾವೇ. ಗದ್ದೆಯೊಂದಿಗೆ ಹುಲ್ಲಿನ ಕೊಣವೆಯೂ ಹೋಯಿತು. ಹುಲ್ಲಿಲ್ಲದೆ ದನ ಹೋಯಿತು, ದನವಿಲ್ಲದೆ ಗೊಬ್ಬರ ಹೋಯಿತು. ಈಗ ಅದೇ ತೋಟಕ್ಕೆ ಬಯಲುಸೀಮೆಯಿಂದ ಲಾರಿಯಲ್ಲಿ ಗೊಬ್ಬರ ತರಿಸುತ್ತಿದ್ದೇವೆ. ಉತ್ತರ ಕನ್ನಡದ ಘಟ್ಟದ ಮೇಲೆ ಎಕರೆ ತೋಟಕ್ಕೆ ಒಂಬತ್ತು ಎಕರೆಯವರೆಗೆ ಸೊಪ್ಪಿನ ಬೆಟ್ಟದ ಸವಲತ್ತನ್ನು ಹಿಂದಿನವರು ಪಡೆದದ್ದು ತೋಟ, ಬೆಟ್ಟ ಮತ್ತು ಕೊಟ್ಟಿಗೆ ಒಂದೇ ಸರಪಳಿಯೆಂದು ಬಲ್ಲವರಾಗಿದ್ದರಿಂದ. ಕೊಟ್ಟಿಗೆಯನ್ನು ಕಳಚಿದ ಮೇಲೆ ಬೆಟ್ಟದ ಮೇಲಿನ ನಮ್ಮ ಹಕ್ಕಿಗೆ ಯಾವ ನೈತಿಕ ಬಲ ಉಳಿಯುತ್ತದೆ?

ಆಕ್ಷೇಪಗಳಿಗೆ ಉತ್ತರ

ಪರಿಸರದ ಕಾಳಜಿಯಿಂದಲೇ ಬರುವ ಎರಡು ಆಕ್ಷೇಪಗಳಿವೆ. ದನ ಕಾಡಿನ ಸಸಿಗಳನ್ನು ತುಳಿದು ತಿನ್ನುತ್ತದೆ ಎಂಬುದು ಒಂದು. ಇದು ನಿಜ, ಆದ್ದರಿಂದಲೇ ದನಕ್ಕೆ ಕಾನು ಬೇಡ, ಬ್ಯಾಣ ಬೇಕು ಎನ್ನುತ್ತಿದ್ದೇನೆ. ಬ್ಯಾಣ ಕಳೆದುಕೊಂಡ ದನವೇ ಕಾನಿಗೆ ನುಗ್ಗುವುದು.

ಎರಡನೆಯದು ಮಂಗನ ಕಾಯಿಲೆ. 1957ರಲ್ಲಿ ಸೊರಬ ತಾಲ್ಲೂಕಿನ ಕ್ಯಾಸನೂರು ಕಾಡಿನಲ್ಲಿ ಗುರುತಿಸಲಾದ ಈ ರೋಗವನ್ನು ಹರಡುವ ಉಣ್ಣೆಗಳು ದನದ ರಕ್ತ ಕುಡಿದು ವೃದ್ಧಿಯಾಗುತ್ತವೆ. ಇದನ್ನು ಹಗುರವಾಗಿ ಕಾಣುವಂತಿಲ್ಲ. ನಮ್ಮ ನಡುವೆಯೇ ಜನ ಸತ್ತಿದ್ದಾರೆ. ರೋಗ ಹೆಚ್ಚುವ ಡಿಸೆಂಬರಿನಿಂದ ಮೇವರೆಗೆ ದನವನ್ನು ಕಾಡಿಗೆ ಅಟ್ಟದೆ ಊರಿನ ಬಳಿಯಲ್ಲೇ ಮೇಯಿಸಬೇಕು, ಉಣ್ಣೆ ನಿವಾರಕವನ್ನು ತಪ್ಪದೆ ಹಚ್ಚಬೇಕು, ಕಾಡಿನ ದರಕನ್ನು ಆ ತಿಂಗಳುಗಳಲ್ಲಿ ತರಬಾರದು. ಇದಕ್ಕೂ ಊರಿನ ಬಳಿ ಹುಲ್ಲಿನ ನೆಲ ಬೇಕು. ಎರಡೂ ಆಕ್ಷೇಪಗಳು ನಮ್ಮನ್ನು ಮತ್ತೆ ಬ್ಯಾಣಕ್ಕೇ ತಂದು ನಿಲ್ಲಿಸುತ್ತವೆ.

ಏನು ಮಾಡೋಣ?

ನನ್ನ ಸಲಹೆಗಳು ದೊಡ್ಡವಲ್ಲ. ಮೊದಲನೆಯದಾಗಿ, ಗಿಡ್ಡದ ಹಸುವಿಗೆ ಗಿಡ್ಡದ ಹೋರಿಯೇ ಆಗಬೇಕು. ಊರಿಗೊಂದು ಒಳ್ಳೆಯ ಬೀಜದ ಹೋರಿಯನ್ನು ಸಾಮೂಹಿಕವಾಗಿ ಸಾಕಿ, ಅದರ ಹೆಣ್ಣುಮಕ್ಕಳು ಬೆದೆಗೆ ಬರುವ ಮೊದಲು, ಅಂದರೆ ಮೂರು ವರ್ಷಕ್ಕೊಮ್ಮೆ, ನೆರೆಯೂರಿನ ಹೋರಿಯೊಂದಿಗೆ ಬದಲಾಯಿಸಿಕೊಳ್ಳೋಣ. ಎರಡನೆಯದಾಗಿ, ಅಕೇಶಿಯಾ ಕಡಿದು ತೆರವಾಗುವ ನೆಲದಲ್ಲಿ ಮತ್ತೆ ನೆಡುತೋಪು ಬೇಡ, ಮೊದಲಿದ್ದಲ್ಲಿ ಬ್ಯಾಣವೇ ಬರಲಿ ಎಂದು ಗ್ರಾಮಸಭೆಯಲ್ಲಿ ನಿರ್ಣಯ ಮಾಡಿಸೋಣ. ಮೂರನೆಯದಾಗಿ, ಲೀಟರಿಗೆ ಕೊಡುವ ಪ್ರೋತ್ಸಾಹಧನದ ಜತೆಗೆ, ಒಂದು ವರ್ಷ ಬದುಕಿದ ಪ್ರತಿ ನಾಟಿ ಕರುವಿಗೆ, ಅದು ಗಂಡಾಗಲಿ ಹೆಣ್ಣಾಗಲಿ, ಸಾಕಾಣಿಕೆ ಭತ್ಯೆ ಕೊಡಬೇಕೆಂದು ಸರ್ಕಾರವನ್ನು ಒತ್ತಾಯಿಸೋಣ. ನಾಲ್ಕನೆಯದಾಗಿ, ಸಂಚಾರಿ ಪಶುಚಿಕಿತ್ಸೆಗೆ 1962 ಎಂಬ ಸಹಾಯವಾಣಿ ಇದೆ; ಆದರೆ ಶ್ರಾವಣದ ರಾತ್ರಿ ಫೋನು ಹತ್ತದ, ವಾಹನ ಬಾರದ ಕೇರಿಗಳೇ ನಮ್ಮಲ್ಲಿ ಹೆಚ್ಚು. ಕೇರಿಗೊಬ್ಬ ಯುವಕ ಅಥವಾ ಯುವತಿ ಹೆರಿಗೆಯ ಪ್ರಥಮೋಪಚಾರ ಕಲಿಯಲಿ. ನೀರಿನ ಚೀಲ ಒಡೆದು ಎರಡು ತಾಸಾದರೂ ಕರು ಬಾರದಿದ್ದರೆ ಕಾಯಬಾರದೆಂಬ ಒಂದು ಪಾಠವೇ ಎಷ್ಟೋ ಜೀವ ಉಳಿಸೀತು.

ಇವೆಲ್ಲಕ್ಕೂ ಮೊದಲು ಇನ್ನೊಂದು ಕೆಲಸವಿದೆ, ಅದಕ್ಕೆ ಯಾರ ಅನುಮತಿಯೂ ಬೇಡ. ಒಂದು ನೋಟುಪುಸ್ತಕ ಇಡೋಣ. ಊರಿನಲ್ಲಿ ಯಾವ ಮನೆಯಲ್ಲಿ, ಯಾವ ದಿನ, ಯಾವ ತಳಿಯ ಕರು ಹುಟ್ಟಿತು, ಗಂಡೋ ಹೆಣ್ಣೋ, ವರ್ಷದ ನಂತರ ಅದು ಎಲ್ಲಿದೆ: ಇಷ್ಟನ್ನೇ ಬರೆಯೋಣ. ಕೊನೆಯ ಕಾಲಂ ತುಂಬುವಾಗ ಸುಳ್ಳು ಬರೆಯಬಾರದು ಎಂಬುದೊಂದೇ ನಿಯಮ. ‘ಸತ್ತಿತು’ ಎಂದಿದ್ದರೆ ಸತ್ತಿತು, ‘ಬಿಟ್ಟೆವು’ ಎಂದಿದ್ದರೆ ಬಿಟ್ಟೆವು. ಯಾರನ್ನೂ ದೂರಲಿಕ್ಕಲ್ಲ, ನಮಗೇ ತಿಳಿಯಲಿಕ್ಕೆ.

ನಾನು ನನ್ನ ಪುಸ್ತಕವನ್ನು ಆರಂಭಿಸಿದ್ದೇನೆ. ಮೊದಲ ಸಾಲಿನಲ್ಲಿ ಕೌಲಿಯ ಕರು ಇದೆ. ತಳಿ: ಜೆರ್ಸಿ ಮಿಶ್ರ, ಸಲಹೆ: ನನ್ನದು. ದೀಪಾವಳಿಯ ಗೋಪೂಜೆಯ ದಿನ ದನಗಳ ಮೈಗೆ ಜೇಡಿಯ ಚಿತ್ತಾರ ಬರೆದು, ಕೊರಳಿಗೆ ಅಡಿಕೆಯ ಸರ ಕಟ್ಟುತ್ತೇವೆ. ಈ ಸಲ ಅಂದು ಬೆಳಿಗ್ಗೆ, ಪೂಜೆಗೆ ಮುನ್ನ, ಪ್ರತಿ ಕೊಟ್ಟಿಗೆಯಲ್ಲಿ ಎಷ್ಟು ಕೊರಳುಗಳಿವೆ, ಶ್ರಾವಣದಲ್ಲಿ ಎಷ್ಟಿದ್ದವು ಎಂದು ಎಣಿಸಿ ಬರೆದಿಡಿ. ಮುಂದಿನ ಸಭೆಗೆ ಬರುವಾಗ ಆ ಪುಸ್ತಕವನ್ನು ಜತೆಗೆ ತನ್ನಿ.